ನೆಪ್ಚೂನಿನವರೆಗೆ ಬಾರದ ಹಾಡು

ಜುಬೇದಾ ಅಕ್ಕೋರು ಬೋರ್ಡಿನ ಮೇಲೆ ವೃತ್ತ ಬರೆಯಲು ಕೈವಾರ ಬಳಸಿದ್ದನ್ನು ನಾನು ನೋಡಿಲ್ಲ. ಸೀಮೆಸುಣ್ಣ ಊರಿ, ಬಾಯೊಳಗೇ ಹಳೆಯ ಹಾಡೊಂದರ ಮೊದಲ ಸಾಲು ಶುರು ಮಾಡುತ್ತಿದ್ದರು. ಸಾಲು ಮುಗಿಯುವ ಹೊತ್ತಿಗೆ ಗೆರೆಯ ತುದಿ ಹೊರಟ ಜಾಗಕ್ಕೇ ಬಂದು ಕೂಡುತ್ತಿತ್ತು. ಬುಧನ ದಾರಿಗೆ ಚುರುಕಿನ ಹಾಡು, ಶನಿಯ ದಾರಿಗೆ ನಿಧಾನದ್ದು.

ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಅವರು ನಮಗೆ ವಿಜ್ಞಾನ ಕಲಿಸಿದರು. ಹುಟ್ಟೂರು ಇಂಡಿ. ಅರವತ್ತರ ದಶಕದಲ್ಲಿ ಅವರ ತಂದೆಯ ಟೇಲರ್ ಅಂಗಡಿಯಲ್ಲಿ ಒಂದು ರೇಡಿಯೊ ಇತ್ತಂತೆ. ಹೊಲಿಗೆ ಯಂತ್ರದ ಸದ್ದಿನ ನಡುವೆ ಅದರಿಂದ ಬಂದದ್ದಷ್ಟೇ ಅವರ ಪಾಲಿಗೆ ಸಂಗೀತ. "ಆಮ್ಯಾಲೆ ಬಂದದ್ದೆಲ್ಲಾ ಬರೇ ಗದ್ಲ" ಎನ್ನುತ್ತಿದ್ದರು. ಆಕಾಶದ ಅಳತೆಯನ್ನೂ ಆ ಹಾಡುಗಳಿಂದಲೇ ಹೇಳುತ್ತಿದ್ದರು. "ನಮ್ಮಪ್ಪನ ಅಂಗಡ್ಯಾಗ ಕೇಳಿದ ಹಾಡು ಅಲ್ಲೇ ನಿಂತಿಲ್ಲ. ಬೆಳಕಿನ ಜೋಡಿ ಹೊಂಟೈತಿ. ಇಷ್ಟ ವರ್ಷ ಆದ್ರೂ ಇನ್ನೂ ನಮ್ಮ ಓಣಿ ದಾಟಿಲ್ಲ ನೋಡ್ರಿ. ಅಷ್ಟ ದೊಡ್ಡದೈತಿ ಊರು."

ನನ್ನ ಪಕ್ಕ ಕೂಡುತ್ತಿದ್ದ ಸುಮಂಗಲಾ ಆ ಹಾಡುಗಳನ್ನು ಒಮ್ಮೆ ಕೇಳಿದರೆ ಸಾಕು, ಹಾಡಿಬಿಡುತ್ತಿದ್ದಳು. ಅಕ್ಕೋರ ಬಾಯಲ್ಲಿ ಅವಳು 'ಸುಮಿ'. ನನಗೆ ಹಾಜರಿ ಪುಸ್ತಕದ ಹೆಸರೇ. ವಿಜ್ಞಾನದಲ್ಲಿ ನಾನು ಮೊದಲು ಬಂದರೆ "ಬರ್ತಾವ ಬಿಡು ನಿನಗ" ಎಂದು ಪೇಪರು ಕೈಗಿಡುತ್ತಿದ್ದರು. ಅವಳು ಹೇಗೋ ಪಾಸಾದ ದಿನ ಮಾತ್ರ ಸ್ಟಾಫ್ ರೂಮಿಗೆಲ್ಲ ಕೇಳುವಂತೆ, "ನಮ್ಮ ಸುಮಿ ದಾಟಿದ್ಲರೀ!" ನನಗೆ ಹಾಡಲು ಬರುವುದಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಪ್ರಯತ್ನಿಸಿ ನೋಡಿದ್ದೆ.

ಒಂಬತ್ತನೇ ತರಗತಿಯಲ್ಲಿ ಅಕ್ಕೋರು ಸೌರವ್ಯೂಹವನ್ನು ರಸ್ತೆಗೆ ತಂದರು. ಭೂಮಿ ಒಂದು ಜೋಳದ ಕಾಳಾದರೆ ಸೂರ್ಯ ಒಂದು ದೊಡ್ಡ ಕೊಡದಷ್ಟು. ಕೊಡವನ್ನು ಶಾಲೆಯ ಗೇಟಿನ ಬಳಿ ಬೋರಲು ಹಾಕಿದರು. ಜೋಳದ ಕಾಳನ್ನು ಸುಮಂಗಲಾಳ ಅಂಗೈಗಿಟ್ಟು, ಗೇಟಿನಿಂದ ಚೆನ್ನಾಗಿ ಕಾಣುವ ಬೇವಿನ ಮರದ ಕೆಳಗೆ ನಿಲ್ಲಿಸಿದರು. ನನ್ನ ಕೈಗೆ ಬಂದದ್ದು ಒಂದು ಬಾರೆಹಣ್ಣು.

"ನೀ ನೆಪ್ಚೂನ್. ಇಂಗಳೇಶ್ವರ ರಸ್ತಿ ಹಿಡದು ಹೋಗು. ಕಿಲೋಮೀಟರ್ ಕಲ್ಲು ಬರತೈತಿ. ಅದನ್ನ ದಾಟಿ ಇನ್ನೂ ಮುಂದ."

"ಅಲ್ಲಿಂದ ಏನೂ ಕಾಣೂದಿಲ್ರಿ, ಅಕ್ಕೋರ."

"ಕಾಣಬಾರ್ದು. ಅದಕ್ಕ ಕಳಸಾಕತ್ತೇನಿ. ಇಲ್ಲಿ ಸುಮಿ ಹಾಡ್ತಾಳ. ನಿನಗ ಎಲ್ಲಾರ್ಕಿಂತ ಆಮ್ಯಾಲೆ ಮುಟ್ಟತೈತಿ. ನಿಂತಿರು."

"ಮತ್ತ ಸೂರ್ಯನ ಬಿಟ್ಟು ಮುಂದಿನ ಚುಕ್ಕಿ ಎಲ್ಲಿ ಇಡೋದ್ರಿ?" ಎಂದು ಯಾರೋ ಕೇಳಿದರು.

"ಅದಾ? ಬಾಗೇವಾಡಿಯಾಗ ತೂತು ಕೊರದು, ಭೂಮಿ ಆ ಕಡಿಗೆ ಹೊರಗ ಬೀಳ್ರಿ. ಅಲ್ಲಿ ಇನ್ನೊಂದು ಕೊಡ ಇಡ್ರಿ."

ಎಲ್ಲರೂ ನಕ್ಕರು. ನಾನು ನಡೆದೆ.

ಕಲ್ಲು ದಾಟಿ ನಿಂತಾಗ ಕೊಡವಿರಲಿ, ಗೇಟೂ ಕಾಣಲಿಲ್ಲ. ಎರಡೂ ಕಡೆ ಕಡಲೆ ಹೊಲ, ನಡುವೆ ಖಾಲಿ ರಸ್ತೆ. ಆ ಖಾಲಿಯೊಳಗೆ ಎಲ್ಲೋ ಒಂದು ಕಾಳು, ಕಾಳಿನ ಮೇಲೆ ನಮ್ಮ ಸಮುದ್ರಗಳು, ಊರುಗಳು, ಇಂಡಿಯ ಆ ಟೇಲರ್ ಅಂಗಡಿ. ಮೈ ಜುಮ್ಮೆಂದಿತು. ಮರುಕ್ಷಣವೇ ಆ ಕಾಳು ಯಾರ ಅಂಗೈಯಲ್ಲಿದೆ ಎಂಬುದು ನೆನಪಾಗಿ ಹೊಟ್ಟೆ ಉರಿಯಿತು. ಬೈಕಿನವನೊಬ್ಬ ನಿಲ್ಲಿಸಿ, "ಯಾರನ್ನ ಕಾಯಾಕತ್ತೀ ತಂಗಿ?" ಎಂದ.

ಕೊನೆಗೆ ಇಡೀ ತರಗತಿ ನನ್ನನ್ನು ಕರೆತರಲು ನಡೆದು ಬಂತು. ಮುಂದೆ ಅಕ್ಕೋರು, ಅವರ ಕೈಯಲ್ಲಿ ಸುಮಂಗಲಾಳ ಕೈ. ಅಕ್ಕೋರ ಕಣ್ಣು ಇನ್ನೂ ಒದ್ದೆಯಾಗಿತ್ತು.

"ಹಾಡು ಮುಟ್ಟಿತೇನವಾ?"

ಇಲ್ಲವೆಂದು ತಲೆಯಾಡಿಸಿದೆ.

"ಹಂಗಾರ ಇನ್ನೂ ಬರಾಕತ್ತೈತಿ."

ಅವತ್ತಿನಿಂದ ನನ್ನ ಹೆಸರು ನೆಪ್ಚೂನ್ ಆಯಿತು. ಅಕ್ಕೋರ ಕಣ್ಣು ಒದ್ದೆ ಮಾಡಿದ ಹಾಡು ಯಾವುದೆಂದು ನಾನು ಯಾರನ್ನೂ ಕೇಳಲಿಲ್ಲ. ಯಾರನ್ನು ಕೇಳಿದರೂ, "ಸುಮಂಗಲಾ ಏನ್ ಹಾಡಿದ್ಲಂತಿ!" ಎಂಬ ಮಾತನ್ನೂ ಕೇಳಬೇಕಾಗುತ್ತಿತ್ತು.

ಮುಂದೆ ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಸಿಂದಗಿಯ ಕಾಲೇಜೊಂದರಲ್ಲಿ ಕೆಲಸಕ್ಕೆ ಸೇರಿದೆ. ನಿವೃತ್ತರಾಗಿ ಇಂಡಿಯಲ್ಲಿ ತಮ್ಮನ ಮನೆಯಲ್ಲಿದ್ದ ಅಕ್ಕೋರಿಗೆ ಒಮ್ಮೆ ಹೇಳಿದೆ, ಆ ಕಾಲದ ದೂರದ ರೇಡಿಯೊ ಸ್ಟೇಷನ್ನುಗಳ ಅಲೆಗಳು ಬಹುಪಾಲು ಮೇಲಿನ ವಾತಾವರಣಕ್ಕೆ ತಾಗಿ ಭೂಮಿಗೇ ಮರಳುತ್ತವೆ ಎಂದು.

"ಎಲ್ಲಾ ವಾಪಸ್ ಬರ್ತಾವೇನು?"

"ಎಲ್ಲಾ ಅಲ್ರಿ. ಸ್ವಲ್ಪ ತಪ್ಪಿಸ್ಕೋತಾವ."

"ಅಷ್ಟ ಸಾಕು ನನಗ" ಎಂದರು. ಆಮೇಲೆ ಕೇಳಿದ್ದು ಎಂದಿನಂತೆ, "ಸುಮಿ ಫೋನ್ ಮಾಡಿದ್ಲೇನ ನಿನಗ?"

ಕೊನೆಯ ಸಲ ಹೋದಾಗ ಅವರು ಹಾಸಿಗೆ ಹಿಡಿದಿದ್ದರು. ದಿಂಬಿನ ಮೇಲೆ ಫೋನು. ಅದರೊಳಗಿಂದ, ಮುದ್ದೇಬಿಹಾಳದ ತನ್ನ ಗಂಡನ ಮನೆಯಿಂದ, ಸುಮಂಗಲಾ ಹಾಡುತ್ತಿದ್ದಳು. ವಾರವಾರವೂ ಹಾಡುತ್ತಾಳೆಂದು ತಮ್ಮನ ಹೆಂಡತಿ ಮೆಚ್ಚಿಕೊಂಡು ಹೇಳಿದರು. ಸಿಂದಗಿಯಿಂದ ಬಸ್ಸು ಹಿಡಿದು ಬಂದ ನಾನು ಆ ಹಾಡು ಮುಗಿಯುವವರೆಗೆ ಕುರ್ಚಿಯಲ್ಲಿ ಕಾದೆ.

"ಬಾ ನೆಪ್ಚೂನ್."

ಅಂದು ಮಾತ್ರ ಕೇಳಿಬಿಟ್ಟೆ. "ಅಕ್ಕೋರ, ನನ್ನ ಯಾಕ ಅಷ್ಟ ದೂರ ಕಳಿಸಿದ್ರಿ?"

"ಸುಮಿನ್ನ ಕಳಿಸಿದ್ರ ಎರಡ ನಿಮಿಷಕ್ಕ ಓಡಿ ಬರ್ತಿದ್ಲು. ಅಲ್ಲಿ ನಿಲ್ಲಾಕ ನೀನ ಬೇಕಾಗಿತ್ತು."

ಅದು ಹೊಗಳಿಕೆ ಎಂದು ಗೊತ್ತು. ಆದರೂ ಸಾಲಲಿಲ್ಲ. "ಅವತ್ತ ಅಕಿ ಯಾವ ಹಾಡು ಹಾಡಿದ್ಲರಿ?"

ಅಕ್ಕೋರ ಮುಖ ಅರಳಿತು. ತುಟಿ ಅಲುಗಿತು, ಬೆರಳು ಚಾದರದ ಮೇಲೆ ವೃತ್ತ ಎಳೆಯತೊಡಗಿತು. ಉಸಿರು ಸಾಲದೆ ವೃತ್ತ ಅರ್ಧಕ್ಕೇ ನಿಂತಿತು.

"ತಡಿಯವಾ" ಎಂದರು ನಗುತ್ತಾ. "ಬರಾಕತ್ತೈತಿ."

ಮುಂದಿನ ವಾರ ಅವರು ಹೋದರು.

ಸುಮಂಗಲಾಳ ನಂಬರು ನನ್ನ ಫೋನಿನಲ್ಲಿದೆ. ಕೇಳಿದರೆ ಹಾಡಿಯೇ ತೋರಿಸುತ್ತಾಳೆ, ಅವಳ ಮನಸ್ಸಿನಲ್ಲಿ ಏನೂ ಇಲ್ಲ. ನಾನು ಕೇಳುವುದಿಲ್ಲ. ಅವಳ ಬಾಯಿಂದ ಬಂದರೆ ಅದು ಅವಳ ಹಾಡು. ಬಾರದಿರುವವರೆಗೆ, ಅಕ್ಕೋರು ನನಗೊಬ್ಬಳಿಗೇ ಕಳಿಸಿದ್ದು ಅದು. ಇನ್ನೂ ದಾರಿಯಲ್ಲಿದೆ.