ಉಪ್ಪು ಕೈಗೆ ಕೊಡಬಾರದು

ಮದುವೆಯಾಗಿ ಯಳಂದೂರಿಗೆ ಬಂದ ಹೊಸತರಲ್ಲಿ ಅತ್ತೆ ಉಪ್ಪು ಕೇಳಿದರು. ನಾನು ಡಬ್ಬಿಯನ್ನು ಅವರ ಕೈಗೇ ಚಾಚಿದೆ. ಕೆಂಡ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು.

"ಕೆಳಗಿಡು ಕಣವ್ವ! ಉಪ್ಪ ಕೈಗ್ ಕೊಟ್ರೆ ಜಗಳಾಯ್ತದೆ."

ಇಟ್ಟೆ. ಅಂದಿನಿಂದ ನಮ್ಮಿಬ್ಬರ ನಡುವೆ ಉಪ್ಪು ಕೈಯಿಂದ ಕೈಗೆ ಹೋಗಲೇ ಇಲ್ಲ. ಜಗಳ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಸಾರಿಗೆ ಹುಳಿ ಜಾಸ್ತಿ ಎಂಬಲ್ಲಿಂದ ಶುರುವಾಗಿ ನನ್ನ ನಾಲಿಗೆ ಉದ್ದ ಎಂಬಲ್ಲಿಗೆ ಮುಗಿಯುತ್ತಿತ್ತು.

ನನ್ನ ಕೆಲಸವೋ, ಹನೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ಹೋಗಿ ಮಕ್ಕಳಿಗೆ ಅಯಾನಿಕ ಬಂಧ ವಿವರಿಸುತ್ತಿದ್ದೆ. ಸೋಡಿಯಂ ನೀರಿಗೆ ಬಿದ್ದರೆ ಬುಸುಗುಟ್ಟಿ ಉರಿಯುತ್ತದೆ. ಕ್ಲೋರಿನ್ ಉಸಿರಿಗೆ ವಿಷ. ಒಂದು ಎಲೆಕ್ಟ್ರಾನನ್ನು ಸೋಡಿಯಂ ಕೊಟ್ಟು, ಕ್ಲೋರಿನ್ ಇಸಿದುಕೊಂಡರೆ, ಧನ ಅಯಾನು ಋಣ ಅಯಾನನ್ನು ಸೆಳೆದು ಊಟದ ಉಪ್ಪಾಗುತ್ತದೆ. ಕೊಟ್ಟು ತೆಗೆದುಕೊಂಡದ್ದರಿಂದಲೇ ಬಂಧ, ಎಂದು ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿ, ಸಂಜೆ ಮನೆಗೆ ಬಂದು ಡಬ್ಬಿಯನ್ನು ನೆಲಕ್ಕಿಡುತ್ತಿದ್ದೆ. ಎಂಥ ಟೀಚರೋ ನಾನು!

ಹೋದ ಬೇಸಿಗೆಯಲ್ಲಿ ಡಾಕ್ಟರು, ಅತ್ತೆಗೆ ಬಿ.ಪಿ. ಇದೆ, ಉಪ್ಪು ಸ್ವಲ್ಪ ಕಮ್ಮಿ ಮಾಡಿ ಎಂದರು. ನಾನು ಒಂದು ಚಿಟಿಕೆ ಕಮ್ಮಿ ಹಾಕಿದ್ದೇ ತಡ, ಅವರಿಗೆ ಮೂಗಿನ ತುದಿಗೆ ಕೋಪ ಬಂತು.

"ನನ್ ಮನೇಲಿ ನಂಗೇ ಉಪ್ಪ ಅಳ್ದು ಆಕ್ತೀಯಾ? ನಿನ್ ಉಪ್ಪೇ ಬ್ಯಾಡ, ಓಗು!"

ಪೂರ್ತಿ ಬಿಟ್ಟೇಬಿಟ್ಟರು. ಸಪ್ಪೆ ಗಂಜಿ, ಚೊಂಬುಗಟ್ಟಲೆ ನೀರು. ಯಾರು ಹೇಳಿದರೂ ಕೇಳಲಿಲ್ಲ. ಒಂದು ಬೆಳಿಗ್ಗೆ ನನ್ನನ್ನೇ ನೋಡುತ್ತಾ, "ಯಾರವ್ವಾ ನೀನು? ಯಾವೂರು?" ಎಂದರು. ನನ್ನ ಜೀವ ಬಾಯಿಗೆ ಬಂತು.

ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಸೋಡಿಯಂ ತೀರಾ ಇಳಿದಿದೆ, ಜೀವಕ್ಕೇ ಅಪಾಯ ಎಂದರು. ಎಲೆಕ್ಟ್ರಾನ್ ಬಿಟ್ಟುಕೊಟ್ಟು ತೆಪ್ಪಗೆ ರಕ್ತದಲ್ಲಿ ಓಡಾಡಿಕೊಂಡಿರುವ ಆ ಅಯಾನು ಕಮ್ಮಿಯಾದರೆ ಮಿದುಳಿಗೆ ಸೊಸೆಯ ಗುರುತೂ ಹತ್ತುವುದಿಲ್ಲ. ಡ್ರಿಪ್ಪಿನ ಹನಿ ನೋಡುತ್ತಾ ಕೂತು, 'ಒಂದು ಸಲ ಬೈಯಿರಿ ಅತ್ತೆ' ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ.

ಗುಣವಾಗಿ ಮನೆಗೆ ಬಂದ ದಿನ ಊಟಕ್ಕೆ ಬಡಿಸಿ, ಉಪ್ಪನ್ನು ಎಂದಿನಂತೆ ಕೆಳಗಿಡಲು ಬಗ್ಗಿದೆ. ಅತ್ತೆ ಅಂಗೈ ಚಾಚಿದರು.

"ಕೈಗೇ ಆಕು."

"ಜಗಳ ಆಗುತ್ತಲ್ಲ ಅತ್ತೆ?"

"ಆಗ್ಲಿ ಕಣವ್ವ. ನಿನ್ ಬಿಟ್ರೆ ಜಗಳಾಡಕ್ಕೆ ನಂಗ್ ಇನ್ಯಾರವ್ರೆ?"

ಹಾಕಿದೆ. ಕಲೆಸಿಕೊಂಡು ಮೊದಲ ತುತ್ತು ಬಾಯಿಗಿಟ್ಟವರೇ ಮುಖ ಕಿವುಚಿದರು.

"ಸಾರ್ಗೆ ಉಳಿ ಜಾಸ್ತಿ ಆಯ್ತು."

ನನಗೆ ಅಳು ಬಂದುಬಿಟ್ಟಿತು.