ಅಜ್ಜ ಬರೆಯದ ಹೆಸರು

ದೆವ್ವ, ಶಕುನ, ಕಣಿ ಇವನ್ನೆಲ್ಲ ನಾನು ನಂಬಿದವನಲ್ಲ. ಪಾಂಡವಪುರದ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತನಾದವನು. ಎರಡು ವರ್ಷದ ಹಿಂದೆ ಹಾಡಹಗಲಲ್ಲಿ ನಡೆದ ಇದೊಂದನ್ನು ಮಾತ್ರ ಏನೆಂದು ತಿಳಿಯಬೇಕೋ ಗೊತ್ತಾಗದೆ ನಿಮ್ಮ ಮುಂದಿಡುತ್ತಿದ್ದೇನೆ.

ಆಗ ನನಗೆ ನಮ್ಮ ವಂಶಾವಳಿ ಬರೆಯುವ ಹುಚ್ಚು ಹತ್ತಿತ್ತು. ಹಳೆಯ ಪೆಟ್ಟಿಗೆಯಲ್ಲಿ ಅಜ್ಜ ತನ್ನ ಮಕ್ಕಳ ಹೆಸರು ಬರೆದಿಟ್ಟ ಹಾಳೆಯೊಂದು ಸಿಕ್ಕಿತು. ಶಾಯಿ ಮಾಸಿ ಓದಲು ಆಗುತ್ತಿರಲಿಲ್ಲ. ಮಗಳು ನನ್ನ ಫೋನಿಗೆ ಕೃತಕ ಬುದ್ಧಿಮತ್ತೆಯ ಆ್ಯಪ್ ಹಾಕಿಕೊಟ್ಟಿದ್ದಳು. ಹಾಳೆಯ ಫೋಟೊ ತೆಗೆದು ಅದಕ್ಕೆ ಕೊಟ್ಟೆ. ಕ್ಷಣದಲ್ಲಿ ಎಂಟು ಹೆಸರಿನ ಪಟ್ಟಿ ಬಂತು. ಹಾಗೆಯೇ ಕಾಗದಕ್ಕೆ ಇಳಿಸಿಕೊಂಡು ಬಾಬುರಾಯನಕೊಪ್ಪಲಿಗೆ, ಸೋದರತ್ತೆಯ ಮನೆಗೆ ಹೋದೆ. ಅಜ್ಜನ ಮಕ್ಕಳಲ್ಲಿ ಉಳಿದಿದ್ದವಳು ತೊಂಬತ್ತರ ಹತ್ತಿರದ ಅವಳೊಬ್ಬಳೇ.

ಅತ್ತೆ ಜಗಲಿಯಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ನಾನು ಮೊದಲ ಹೆಸರು ಓದಿದೆ: ‘ಚಿಕ್ಕತಾಯಮ್ಮ, ಕೃಷ್ಣರಾಜಪೇಟೆ.’ ಅವಳ ಕೈ ನಿಂತಿತು.

‘ಆ ಯೆಸ್ರ ನಿಂಗ್ಯಾರ್ಲಾ ಯೋಳಿದ್ದು?’

‘ಅಜ್ಜನೇ ಬರ್ದವ್ನೆ ಕಣತ್ತೆ.’

‘ನಮ್ಮಪ್ಪ ಬರೆಯಾಕಿಲ್ಲ ಬುಡು. ಅವ್ಳು ಸತ್ಲು ಅಂದ್ಕಳಿ, ಯೆಸ್ರು ಎತ್ಬ್ಯಾಡಿ ಅಂತ ಎಲ್ರ ಕೈಲೂ ಆಣೆ ಆಕ್ಸಿದ್ದ.’

ಚಿಕ್ಕತಾಯಮ್ಮ ಅತ್ತೆಯ ಸ್ವಂತ ಅಕ್ಕ ಅಂತೆ. ಬೇರೆ ಜಾತಿಯವನನ್ನು ಮೆಚ್ಚಿ ಅವನ ಜೊತೆ ಅದೇ ಕೃಷ್ಣರಾಜಪೇಟೆಗೆ ಹೊರಟುಹೋದವಳು. ಆಗ ಅತ್ತೆಗೆ ಎಂಟು ವರ್ಷ, ನಮ್ಮಪ್ಪ ತೊಟ್ಟಿಲ ಕೂಸು. ಮುಂದೆ ಅವಳ ಸುದ್ದಿಯೇ ಬರಲಿಲ್ಲ. ಅತ್ತೆ ತನ್ನ ಮಕ್ಕಳ ಹತ್ತಿರವೂ ಈ ಮಾತು ಆಡಿರಲಿಲ್ಲ.

ಮನೆಗೆ ಬಂದು ಹಾಳೆಯನ್ನು ಬಿಸಿಲಿಗೆ ಹಿಡಿದು, ಗೆರೆ ಗೆರೆಯಾಗಿ ಎಣಿಸಿದೆ. ಇದ್ದದ್ದು ಏಳೇ ಹೆಸರು. ಮೊದಲ ಹೆಸರಿನ ಮೇಲುಗಡೆ ಅಳಿಸಿದ ಗುರುತೂ ಇಲ್ಲ. ಅದೇ ಫೋಟೊವನ್ನು ಮತ್ತೆ ಮೂರು ಸಲ ಕೊಟ್ಟೆ. ಮೂರು ಸಲವೂ ಚಿಕ್ಕತಾಯಮ್ಮನಿಲ್ಲದ ಏಳೇ ಹೆಸರು ಬಂತು. ಎಂಟು ಹೆಸರಿನ ಮೊದಲ ಉತ್ತರ ಮಾತ್ರ ಫೋನಿನಲ್ಲಿ ಹಾಗೆಯೇ ಇತ್ತು. ಇಂಥ ಆ್ಯಪುಗಳು ಇಲ್ಲದ್ದನ್ನು ಹೆಣೆದು ಹೇಳುತ್ತವೆಂದು ಬಲ್ಲೆ. ಚಿಕ್ಕತಾಯಮ್ಮ ಎನ್ನುವುದೂ ನಮ್ಮ ಕಡೆ ಮನೆಗೊಂದು ಸಿಗುವ ಹೆಸರು. ಆದರೆ ಊರು?

ಆ ವರ್ಷ, ಸತ್ತ ಹಿರಿಯರಿಗೆ ಎಡೆ ಇಡುವ ಪಕ್ಷದ ಹಬ್ಬಕ್ಕೆ ಅತ್ತೆ ನಮ್ಮ ಮನೆಗೆ ಬಂದಳು. ‘ನಮ್ಮಕ್ಕಂಗೂ ಒಂದು ಎಡೆ ಮಡುಗ್ಲಾ’ ಅಂದಳು. ಇಟ್ಟೆವು. ಎಡೆಯ ಮುಂದೆ ನಿಂತು ಅಕ್ಕನ ಹೆಸರನ್ನು ಗಟ್ಟಿಯಾಗಿ ಮೂರು ಸಲ ಕರೆದಳು. ಆಮೇಲೆ ಕಜ್ಜಾಯವನ್ನು ಕೇಳಿ ಹಾಕಿಸಿಕೊಂಡು ತಿಂದಳು. ಅಕ್ಕ ತನ್ನನ್ನು ಬೆನ್ನ ಮೇಲೆ ಹೊತ್ತು ನಾಲೆ ಈಜುತ್ತಿದ್ದದ್ದನ್ನು ಹೇಳಿ ಹೇಳಿ ನಕ್ಕಳು. ಅತ್ತೆ ಅಷ್ಟು ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ.

ಆಟೊ ಹತ್ತುವಾಗ ನನ್ನ ಕೈ ಹಿಡಿದುಕೊಂಡಳು. ‘ಆ ಪೋನ್ನ ಕೇಳ್ಲಾ ಮಗ, ಆ ಪ್ಯಾಟೇಲಿ ಅವ್ಳು ಚೆಂದಾಗಿದ್ಲಾ ಅಂತ.’

ನಾನಿನ್ನೂ ಕೇಳಿಲ್ಲ. ಕೇಳಿದರೆ ಅದು ಏನಾದರೊಂದು ಉತ್ತರ ಕೊಟ್ಟೇ ಕೊಡುತ್ತದೆ. ಸುಳ್ಳೆಂದು ಅದನ್ನು ತಳ್ಳಿಹಾಕುವ ಧೈರ್ಯ ನನಗೆ ಈಗ ಇಲ್ಲ.