ಕಾಟಾ ಕಿಟಕಿಯ ಪುಸ್ತಕಗಳು

ನೂರಾ ನಾಲ್ಕನೆಯ ಪುಟದಲ್ಲಿ ಒಣಗಿದ ಕಬ್ಬಿನ ಗರಿಯ ತುಂಡೊಂದಿತ್ತು. ಬೆರಳಗಲ, ಎರಡೂ ತುದಿ ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದು. ಪುಟ ಗುರುತಿಗೆ ಗರಿಯನ್ನು ಹಾಗೆ ಕತ್ತರಿಸುತ್ತಿದ್ದವರು ಒಬ್ಬರೇ.

ಅವರನ್ನು ಎಲ್ಲರೂ ಕಾಟಾ ಕಾಕಾ ಎನ್ನುತ್ತಿದ್ದರು. ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ ಕಬ್ಬಿನ ಗಾಡಿಗಳನ್ನು ತೂಗುವುದು ಅವರ ಕೆಲಸ. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಪಾಳಿಗಾಗಿ ಅರ್ಧ ದಿನ ಸಾಲುಗಟ್ಟಿ ನಿಲ್ಲುತ್ತಿದ್ದವು. ಹಾಗೆ ಕಾಯುವವರಿಗೆಂದು ಕಾಕಾ ಕಾಟಾ ಕೋಣೆಯ ಕಿಟಕಿಯ ಕೆಳಗೆ ತಗಡಿನ ಪೆಟ್ಟಿಗೆಯೊಂದನ್ನು ಇಟ್ಟಿದ್ದರು. ಅದರಲ್ಲಿ ಕಥೆ ಕಾದಂಬರಿ ಇರಲಿಲ್ಲ. ಬೆಲೆ ಯಾಕೆ ಏರುತ್ತದೆ, ಮಣ್ಣು ಯಾಕೆ ಸವಳಾಗುತ್ತದೆ, ಬೆಳಕು ಎಷ್ಟು ವೇಗವಾಗಿ ಓಡುತ್ತದೆ... ಇಂಥವು. ಅರ್ಧ ಕನ್ನಡ, ಅರ್ಧ ಮರಾಠಿ.

ನಾನಾಗ ಹೈಸ್ಕೂಲಿನಲ್ಲಿದ್ದೆ. ಕಬ್ಬು ತಂದು ಪಾಳಿಯಲ್ಲಿ ನಿಂತ ಅಪ್ಪನಿಗೆ ನಮ್ಮೂರು ಉಗಾರ ಬುದ್ರುಕದಿಂದ ಬುತ್ತಿ ಒಯ್ಯುತ್ತಿದ್ದೆ. ಪೆಟ್ಟಿಗೆಗೆ ಒಂದೇ ನಿಯಮ: ಎರಡನೆಯ ಪುಸ್ತಕ ಬೇಕಾದರೆ ಮೊದಲನೆಯದನ್ನು ಪಾಳಿಯಲ್ಲಿದ್ದ ಯಾರಿಗಾದರೂ ಬಾಯಿಬಿಟ್ಟು ಶಿಫಾರಸು ಮಾಡಬೇಕು. ಮಾತೇ ಬಾರದ ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

"ಪುಸ್ತಕ ಬಾಳ ಚಲೋ ಐತ್ರಿ," ಎಂದು ಯಾರಿಗೋ ಗೊಣಗಿದೆ.

ಕಾಕಾ ಕಿಟಕಿಯಿಂದ ತಲೆ ಹೊರಹಾಕಿದರು. "ಚಲೋ ಐತಿ ಅಂದ್ರ ಆತೇನವಾ? ಯಾರಿಗೆ ಚಲೋ, ಅದನ್ನ ಹೇಳು."

ಯೋಚಿಸಿ, ಭೋಜ ಎಂಬ ಊರಿನಿಂದ ಬಂದಿದ್ದ ವಯಸ್ಸಾದ ಚಾಲಕರೊಬ್ಬರಿಗೆ ಬೆಳೆ ಮತ್ತು ಬೆಲೆಯ ಬಗೆಗಿನ ಆ ಪುಸ್ತಕವನ್ನು ಕೊಟ್ಟೆ. ಕಬ್ಬು ತಂದವರಿಗೆ ಇನ್ನೇನು ಬೇಕು! ಅವರು ನಾಲ್ಕು ಪುಟ ತಿರುವಿ ಮರಳಿಸಿದರು.

"ಇದನ್ನ ನಾನ ಬರದ ಕೊಡ್ತೀನಲ್ಲ ತಂಗಿ! ಚುಕ್ಕಿ ಬಗ್ಗೆ ಏನರ ಐತೇನ? ಟ್ರಾಲಿ ಮ್ಯಾಲ ಮಕ್ಕೊಂಡು ದಿನಾ ಅದನ್ನ ನೋಡೂದಾಗೇತಿ."

ಪಾಳಿಗೆ ಪಾಳಿಯೇ ನಕ್ಕಿತು. ನನ್ನ ಕಿವಿ ಬಿಸಿಯಾಯಿತು. ಕಾಕಾ ಮಾತ್ರ ನಗಲಿಲ್ಲ. "ಟ್ರಾಲಿ ನೋಡಿ ಪುಸ್ತಕ ಕೊಟ್ಟಿ ನೀ. ಮನಷ್ಯಾನ್ನ ಕೇಳಲೇ ಇಲ್ಲ," ಎಂದರು.

ಆಮೇಲೆ ಕೇಳಿ ಕೊಡುವುದನ್ನು ಕಲಿತೆ. ಅದೇ ಚಾಲಕರು ಗ್ರಹಣದ ಪುಸ್ತಕವನ್ನು ತಿಂಗಳಾದರೂ ಮರಳಿಸಲಿಲ್ಲ. ಕಾಕಾ ಬಂದವರಿಗೆಲ್ಲ ಹೇಳುತ್ತಿದ್ದರು: "ಈ ಹುಡುಗಿ ಕೊಟ್ಟ ಪುಸ್ತಕ ಲಗೂನ ಹೊಳ್ಳಿ ಬರೂದಿಲ್ಲ ನೋಡ್ರಿ!" ಮುಂದೆ ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿದಾಗ ಸಿಕ್ಕ ಯಾವ ಹೊಗಳಿಕೆಯೂ ನನಗೆ ಅಷ್ಟು ಹೆಮ್ಮೆ ತರಲಿಲ್ಲ.

ಈ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಕಾಲೇಜಿನಲ್ಲಿ ಪಾಠ ಮಾಡುವ ನಾನು ಪರೀಕ್ಷೆಯ ಕೆಲಸದಲ್ಲಿದ್ದೆ, ಬರಲಾಗಲಿಲ್ಲ... ಹಂಗಾಮು ಶುರುವಾದ ಮೇಲೆ ಅವರ ಹೆಂಡತಿ, ಕಾಕೂ, ಫೋನ್ ಮಾಡಿದರು. "ನಾಳಿ ರದ್ದಿಯವ ಬರ್ತಾನವಾ. ಪೆಟಗಿ ನೀ ಒಯ್ತಿ ಅಂದ್ರ ಅವಂಗ ಬ್ಯಾಡ ಅಂತೀನಿ."

ಅಂದೇ ಅವರ ಮನೆಗೆ ಹೋದೆ, ಆದರೆ ಮನಸ್ಸು ಗಟ್ಟಿಯಿರಲಿಲ್ಲ. ಪೆಟ್ಟಿಗೆ ಒಯ್ಯುವುದೆಂದರೆ ಮನೆಯಲ್ಲಿ ಇಟ್ಟುಕೊಳ್ಳುವುದಲ್ಲ. ಪಾಳಿಯ ಮುಂದೆ ನಿಂತು ಮಾತಾಡುವುದು. ಸುಮ್ಮನೆ ಮೇಲಿನ ಪುಸ್ತಕ ತೆರೆದೆ. ಅಳತೆಗಳು ಎಲ್ಲಿ, ಎಷ್ಟು ತಪ್ಪಬಹುದು ಎಂಬುದರ ಬಗ್ಗೆ ಬರೆದದ್ದು. ಆ ಗರಿ ಇದ್ದದ್ದು ಅದರಲ್ಲೇ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಕಾಕಾರ ಅಕ್ಷರ: "ಬುತ್ತಿ ತರೂ ಹುಡುಗಿಗೆ. ಓದು ಮುಗಿಸಿ ಬಂದ ಮ್ಯಾಲೆ."

ಜೀವಮಾನವೆಲ್ಲ ತೂಗಿದವರು, ಅಂಕಿಗಳನ್ನು ನಂಬಲು ಕಲಿತುಬಂದವಳಿಗಾಗಿ ಆರಿಸಿಟ್ಟ ಪುಸ್ತಕ. ಓದು ಮುಗಿದು ಮೂರು ವರ್ಷವಾಗಿತ್ತು. ನಾನು ಕಿಟಕಿಗೆ ಹೋಗಿರಲಿಲ್ಲ. ಯಾಕೆ ಬರಲಿಲ್ಲವೆಂದು ಅವರು ಕೇಳಿಯೂ ಇರಲಿಲ್ಲ...

ಮರುದಿನ ಬೆಳಿಗ್ಗೆ ಪೆಟ್ಟಿಗೆಯನ್ನು ಸ್ಕೂಟಿಯ ಮೇಲಿಟ್ಟುಕೊಂಡು ಕಾರ್ಖಾನೆಗೆ ಹೋದೆ. ಪಾಳಿಯ ಕೊನೆಯ ಟ್ರ್ಯಾಕ್ಟರಿನ ನೆರಳಲ್ಲಿ ಒಬ್ಬರು ಕೂತಿದ್ದರು. ಪೆಟ್ಟಿಗೆಯ ಮುಚ್ಚಳ ತೆಗೆಯದೆ ಅವರ ಎದುರು ಕೂತು ಕೇಳಿದೆ:

"ಪಾಳಿ ಬರೂತನಕ ಏನ್ ವಿಚಾರ ಮಾಡ್ಕೋತ ಕುಂದರ್ತೀರಿ, ಅಣ್ಣಾರ?"